ಅಪ್ಪನ ದೊಡ್ಡ ಮದುವೆ

ಅಪ್ಪ ಮದುವೆಯಾದ, ಅಮ್ಮನನ್ನೇ.
ಮೂವತ್ತೊಂದು ವರ್ಷದ ಹಿಂದೆ ಆದದ್ದು ಸಣ್ಣದಂತೆ:
ಒಬ್ಬ ಕಾಜಿ, ಇಬ್ಬರು ಸಾಕ್ಷಿ, ಒಂದು ತಟ್ಟೆ ಖರ್ಜೂರ.
ಅಷ್ಟರಲ್ಲೇ ನಾನು ಹುಟ್ಟಬಹುದಿತ್ತು, ಹುಟ್ಟಿದೆ.
ಅಪ್ಪ ಮಾತ್ರ ಗಂಡಸಾಗಲಿಲ್ಲ.

ಕೊಮೊರೋಸಿನ ನಮ್ಮ ಊರಲ್ಲಿ ಹಾಗೆ.
ದೊಡ್ಡ ಮದುವೆ ಮಾಡಿಕೊಳ್ಳದವನು
ತಲೆ ನರೆತರೂ ಹುಡುಗನೇ.
ಚೌಕದ ಕಲ್ಲುಬೆಂಚು ಅವನದಲ್ಲ,
ಮಸೀದಿಯ ಮೊದಲ ಸಾಲೂ ಅಲ್ಲ,
ಹಿರಿಯರ ಮಾತಿನ ನಡುವೆ ಕೆಮ್ಮಿದರೂ ತಪ್ಪು.

ಅದಕ್ಕೇ ಮಾರ್ಸೇಲ್ಸಿನ ಬಂದರಿನ ಹಿಂದೆ
ಹದಿನಾಲ್ಕನೇ ಮಹಡಿಯ ಈ ಮನೆ,
ಲಿಫ್ಟು ಕೆಟ್ಟು ಎರಡು ಚಳಿಗಾಲ.
ಅದಕ್ಕೇ ಹಡಗಿನ ಅಡುಗೆಮನೆ, ಆಮೇಲೆ ಆಸ್ಪತ್ರೆಯ ಲಾಂಡ್ರಿ,
ಯಾರದೋ ರಕ್ತದ ಹಾಸಿಗೆಬಟ್ಟೆ, ಹಬೆಯಲ್ಲಿ ಬೆಂದ ಬೆರಳು.
ಪ್ರತಿ ತಿಂಗಳ ಮೊದಲ ಭಾನುವಾರ ಊರಿನವರ ಚೀಟಿ;
ನೋಟ್‌ಬುಕ್ಕಿನಲ್ಲಿ ಸೋಯಿಲಿಹಿ ಎಂಬ ಹೆಸರಿನ ಮುಂದೆ
ಒಂದೊಂದೇ ನೀಲಿ ಗೀಟು.

ಈ ದೇಶದ ಕಾಗದ ಬಂದಾಗ ನನಗೆ ಹದಿನೈದು.
ರಾಷ್ಟ್ರಗೀತೆ ಹಾಕಿದರು. ಎಲ್ಲರ ತುಟಿ ಆಡಿದವು,
ಅಪ್ಪನದು ಅರ್ಧ ಕ್ಷಣ ತಡವಾಗಿ.
ಅಧಿಕಾರಿ ಅವನ ಹೆಸರನ್ನು
ಮೀನಿನ ಮುಳ್ಳಿನ ಹಾಗೆ ನಾಲಿಗೆಯಿಂದ ಹುಡುಕಿ ತೆಗೆದು
ಕೈಕುಲುಕಿದ. ಏನಾದರೂ ಹೇಳುವಿರಾ?
ಅಪ್ಪ ನನ್ನ ಮುಖ ನೋಡಿದ.
ತುಂಬಾ ಸಂತೋಷವಂತೆ, ಅಂದೆ ನಾನು.
ಅವನು ಏನೂ ಅಂದಿರಲಿಲ್ಲ.

ಚಿನ್ನ ದುಬೈಯಿಂದ ಬಂತು.
ಅಮ್ಮ ಒಂದು ಬಳೆ ತೊಟ್ಟೇ ಪಾತ್ರೆಗೆ ನಿಂತಳು.
"ಇಷ್ಟು ವರ್ಷ ಬಿಟ್ಟಿ ದುಡಿದೆ, ಈಗ ಕೂಲಿ ಬಂತು."
ನಕ್ಕಳೋ ಏನೋ, ನಲ್ಲಿ ಜೋರಾಗಿತ್ತು.
"ಈ ದುಡ್ಡಿಗೆ ಕೆಳಗಡೆ ಎಲ್ಲಾದರೂ ಒಂದು ಮನೆ ಬರ್ತಿತ್ತು," ಅಂದೆ.
"ಬರ್ತಿತ್ತು. ಆದರೆ ಅಲ್ಲಿ
ನನ್ನ ಯಾರು ಕೇಳ್ತಿದ್ದರು, ನಸ್ರಾತಿ?"

ಊರಲ್ಲಿ ನಮ್ಮಂಥವರಿಗೆ 'ಬರ್ತೀನಿ'ಗಳು ಅಂತ ಹೆಸರು.
ವರ್ಷಾ ವರ್ಷಾ ಫೋನಿನಲ್ಲಿ ಅದೊಂದೇ ಮಾತು ಅಂತ.
ಒಂಬತ್ತು ದಿನ ಎತ್ತು ಕಡಿದರು, ಡೋಲು ಬಡಿದರು,
ಜರಿಯ ನಿಲುವಂಗಿಯೊಳಗೆ ಅಪ್ಪ
ಬೇರೆ ಯಾರದೋ ಮನೆಗೆ ಬಂದ ನೆಂಟನಂತೆ ನಡೆದ.

ಹತ್ತನೇ ದಿನ ಚೌಕದಲ್ಲಿ ಪಂಚಾಯಿತಿ:
ಮಳೆನೀರಿನ ತೊಟ್ಟಿಗೆ ಯಾವ ಬಣ್ಣ ಬಳಿಯುವುದು?
ಅಪ್ಪನ ಸರದಿ. ಎದ್ದ.
ಗೋಡೆಯಾಚೆ ಹೆಂಗಸರ ನಡುವೆ ನಾನು
ಅವನ ಉಸಿರು ಎಣಿಸುತ್ತಿದ್ದೆ.
ಮೊದಲು ಬಾಯಿಂದ ಜಾರಿದ್ದು ಒಂದು ಫ್ರೆಂಚ್ ಪದ.
ಹುಡುಗರು ಕಿಸಕ್ಕೆಂದರು.
ಹಿರಿಯರು ನಗಲಿಲ್ಲ, ಇನ್ನು ನಗುವಂತಿಲ್ಲ.
"ನೀಲಿ," ಅಂದ. ಸ್ವಲ್ಪ ಹೊತ್ತು ಬಿಟ್ಟು,
"ನೀಲಿ ಬಳಿಯಿರಿ."
ಕೂತ.

ಚೀಟಿಯ ಸಾಲ ಇನ್ನೂ ನಾಲ್ಕು ವರ್ಷ.
ಲಿಫ್ಟು ಹಾಗೇ ಇದೆ. ಎಂಟನೇ ಮಹಡಿಯಲ್ಲಿ
ಉಸಿರು ಹಿಡಿಯಲು ನಿಂತು ಊರಿಗೆ ಫೋನು ಮಾಡುತ್ತಾನೆ:
ಬಿಸಿಲಿಗೆ ಬಣ್ಣ ಮಾಸಿದೆಯಾ? ಎಲ್ಲಿ? ಯಾವ ಮಗ್ಗುಲು?
ಇನ್ನೊಂದು ಕೋಟು ಹೊಡೀರಿ, ನಾನು ಹೇಳ್ತಿದ್ದೀನಿ.
ಆಮೇಲೆ ರೇಲಿಂಗು ಹಿಡಿದು,
ಇಡುವ ಮುಂಚೆ, ಮೆಲ್ಲಗೆ:
ಬರ್ತೀನಿ.