ಸೂಜಿ ಲೆಕ್ಕ

ಕುವೈತಿನ ಶುಕ್ರವಾರದ ಸಂತೆಯಲ್ಲಿ
ಪಂಜರದ ಗಿಳಿಗಳನ್ನೂ ಕಾಲು ಮುರಿದ ಸೋಫಾಗಳನ್ನೂ ದಾಟಿ
ತಗಡಿನ ನೆರಳಿನಡಿ ಅದು ಕೂತಿತ್ತು,
ಮೈಮೇಲೊಂದು ಹಳೆ ಟವೆಲು ಹೊದ್ದು.

ಮುಲ್ತಾನಿನ ಅಲ್ಲಾದಿತ್ತಾ ಟವೆಲು ಎಳೆದ.
ಕರಿಮೈ. ಬಂಗಾರದ ಬಳ್ಳಿಯ ಚಿತ್ತಾರ,
ಅಂಗೈ ಒರಗುವ ಜಾಗದಲ್ಲಿ ಮಾತ್ರ ಬಳ್ಳಿಯಿಲ್ಲ.
ಬದಿಗೆ ಮರದ ಹಿಡಿಕೆ, ಹಲ್ಲಿನ ಗಾಲಿ.
"ಅರಬ್ಬಿ ಅಜ್ಜಿಯೊಬ್ಬಳದು, ಬೇಟಿ. ಒಂದೇ ಕೈ ಬಳಸಿದ್ದು."
ಹಳೆ ಕಾರು ಮಾರುವವರೂ ಹೀಗೇ ಅನ್ನುತ್ತಾರೆ.

ತಿಳಿದವಳ ಹಾಗೆ ಬಗ್ಗಿ ನೋಡಿದೆ.
ಏನು ನೋಡಬೇಕೆಂದು ಗೊತ್ತಾಗದೆ
"ಸರ್ವಿಸ್ ಆಗಿದೆಯಾ?" ಎಂದೆ.
ಅವನು ನಗಲಿಲ್ಲ, ಅದೇ ಅವನ ದೊಡ್ಡತನ.

ಹನ್ನೊಂದು ವರ್ಷ ಆಪರೇಷನ್ ಥಿಯೇಟರಿನಲ್ಲಿ
ಡಾಕ್ಟರು ಚಾಚಿದ ಕೈಗೆ, ಕೇಳುವ ಮೊದಲೇ,
ದಾರ ಸಮೇತ ಸೂಜಿ ಇಟ್ಟವಳು ನಾನು.
ನನ್ನದೇ ಕೋಟಿನ ಹರಿದ ಜೇಬಿಗೆ
ಸೇಫ್ಟಿ ಪಿನ್ನು ಚುಚ್ಚಿಕೊಂಡು ತಿರುಗುತ್ತೇನೆ.
ಇದನ್ನವನಿಗೆ ಹೇಳಲಿಲ್ಲ.

ಕೆಳಗಿನ ತಗಡು ಸರಿಸಿ
ದೋಣಿಯಂಥದ್ದೊಂದನ್ನು ನನ್ನ ಅಂಗೈಗೆ ಹಾಕಿದ.
ಲಾಳಿ!
ನಮ್ಮ ಬನಹಟ್ಟಿಯ ಓಣಿ ತುಂಬ
ಖಟಕ್ ಖಟಕ್ ಎಂದು ಹಗಲಿರುಳು ಓಡಾಡುವ
ಅದೇ ಲಾಳಿ, ಕಿರುಬೆರಳಷ್ಟು.
ಹೆಸರು ಗೊತ್ತಿರುವುದೊಂದು ಸಿಕ್ಕಿದ್ದೇ ತಡ
ಧೈರ್ಯ ಬಂತು ನೋಡಿ,
ಮೂವತ್ತೈದು ದಿನಾರು ಎಂದವನಿಗೆ ಹದಿನೈದು ಎಂದೆ.
ಇಪ್ಪತ್ತೆರಡಕ್ಕೆ ಇಬ್ಬರೂ ಸೋತೆವು.

ಟವೆಲು ಮತ್ತೆ ಹೊದಿಸುತ್ತ ಒಂದು ಪಾಠ ಹೇಳಿದ:
"ಹಿಡಿಕೆಯನ್ನು ನಿನ್ನಿಂದ ಆಚೆಗೆ ತಳ್ಳು,
ಗಾಲಿ ನಿನ್ನ ಕಡೆಗೇ ಬರುತ್ತದೆ.
ಉಲ್ಟಾ ತಿರುಗಿಸಿದರೆ ದಾರ ಸಿಕ್ಕು."
ಮೂರು ಸಲ ತಳ್ಳಿದೆ. ಮೂರು ಸಲವೂ ಬಂತು.
"ಊರಿಗೆ ಯಾವಾಗ ಹೋಗಿದ್ದಿರಿ?" ಸುಮ್ಮನೆ ಕೇಳಿದೆ.
ಅವನು ಚಿಲ್ಲರೆ ಎಣಿಸುತ್ತಿದ್ದ.

ಫರ್ವಾನಿಯಾದ ನಾಲ್ಕನೇ ಮಹಡಿ, ಲಿಫ್ಟು ಕೆಟ್ಟಿತ್ತು.
ಹೊತ್ತು ತಂದ ವಾಚ್‌ಮನ್ ದಿಲ್‌ಬಹಾದೂರ
ಪ್ರತಿ ಮಹಡಿಗೂ ಇಳಿಸಿ, ಬೆವರೊರೆಸಿ,
"ಒಳಗೆ ಏನಿದೆ ದೀದಿ, ಹೆಣವಾ?" ಎಂದ.

ಮಾರಿಸೆಲ್ ರಾತ್ರಿ ಡ್ಯೂಟಿ ಮುಗಿಸಿ ಮಲಗಿದ್ದಳು.
ಅಡುಗೆಮನೆಯ ಬಾಗಿಲು ಹಾಕಿ
ಥಿಯೇಟರಿನ ಹಸಿರು ಬಟ್ಟೆಯದೊಂದು ಚೂರು ಇಟ್ಟು
ಉಸಿರು ಬಿಗಿಹಿಡಿದು ತಿರುಗಿಸಿದೆ.
ಮೇಲೆ ಹೊಲಿಗೆ. ಕೆಳಗೆ ಗುಬ್ಬಿಗೂಡು.
ಬಿಚ್ಚಿದೆ, ಹಾಕಿದೆ, ಮತ್ತೆ ಗೂಡು.
ಸೂಜಿಗೊಂದು ಚಪ್ಪಟೆ ಮಗ್ಗುಲಿದೆ,
ಅದು ಇಂಥ ಕಡೆಗೇ ಇರಬೇಕೆಂದು
ಸಂಜೆ ಐದಕ್ಕೆ ತಿಳಿಯಿತು.

ಆಮೇಲೆ ಸ್ಪಿರಿಟು, ಹತ್ತಿ, ಹಳೆಯದೊಂದು ಫೋರ್ಸೆಪ್ಸು.
ಇಷ್ಟು ಮಾತ್ರ ನನಗೆ ಬರುವ ಕೆಲಸ.
ಹಲ್ಲುಗಳ ಸಂದಿಯಿಂದ ನಿಧಾನ ಎಳೆದೆ,
ಎಣ್ಣೆ ಕುಡಿದು ಕಂಬಳಿಯಾದ ನೂಲಿನ ಕಸ.
ಬಿಳಿಯ ಪದರ, ದಿಶ್‌ದಾಶಗಳದಿರಬೇಕು.
ಕೆಳಗೆ ಕಪ್ಪು, ಅಬಾಯಾ. ಮತ್ತೆ ಬಿಳಿ.
ಎಲ್ಲಕ್ಕಿಂತ ತಳದಲ್ಲಿ
ಯಾವ ಹಬ್ಬದ್ದೋ, ಗುಲಾಬಿ.
ಒಂದೇ ಕೈ ಅಂದನಲ್ಲ, ಇರಲಿ.

ಗುಲಾಬಿಯೊಳಗೆ ಏನೋ ಮಿನುಗಿತು.
ಮುರಿದ ಸೂಜಿಯ ಮೊನೆ.

ನಮ್ಮಲ್ಲಿ ಹೊಟ್ಟೆ ಮುಚ್ಚುವ ಮೊದಲು
ಸೂಜಿ ಎಣಿಸುತ್ತೇವೆ, ಎರಡು ಸಲ, ಬಾಯಿಬಿಟ್ಟು.
ಲೆಕ್ಕ ಕೂಡದಿದ್ದರೆ ಸರ್ಜನ್ ಕೂಡ ಕೈಕಟ್ಟಿ ನಿಲ್ಲಬೇಕು.
ಇದನ್ನು ಕಳೆದುಕೊಂಡ ಹೆಂಗಸು
ಅಥವಾ ಗಂಡಸು,
ಚಾಪೆ ಕೊಡವಿ, ಮಕ್ಕಳ ಅಂಗಾಲು ತಡಕಿ,
ಎಷ್ಟು ದಿನ ನೆಲ ನೋಡಿ ನಡೆದರೋ.

ಎದ್ದು ಬಂದ ಮಾರಿಸೆಲ್ ನೀರು ಕುಡಿಯುತ್ತ ನಿಂತಳು.
ಯಂತ್ರ ನೋಡಲಿಲ್ಲ, ಹಸಿರು ಚೂರು ನೋಡಲಿಲ್ಲ,
ಸ್ಟೀಲು ತಟ್ಟೆಯಲ್ಲಿದ್ದ ಮೊನೆಯ ಕಡೆ ಬೆರಳು ಮಾಡಿ,
ಇನ್ನೂ ನಿದ್ದೆಯ ದನಿಯಲ್ಲಿ,
"ಇನ್ನರ್ಧ ಎಲ್ಲಿ?" ಎಂದಳು.

ಇಬ್ಬರೂ ಟಾರ್ಚು ಹಿಡಿದು ಬಗ್ಗಿದೆವು.