ಚೀಲಕ್ಕೆ ಒಂದು ಕಳೆದು

ಸಿದ್ದಾಪುರದ ಮಂಡಿಯಲ್ಲಿ ತೂಕ ಬರೆಯುವವ ನಾನು,
ಇಪ್ಪತ್ತೆರಡು ವರ್ಷದಿಂದ.
ಜೀಪಿನಿಂದ ಇಳಿದ ಚೀಲ ತಕ್ಕಡಿ ಏರುತ್ತದೆ,
ಮುಳ್ಳು ನಡುಗಿ ನಿಲ್ಲುತ್ತದೆ, ಕೂಗುತ್ತೇನೆ:
ಐವತ್ತೊಂದು ಇನ್ನೂರು, ಚೀಲಕ್ಕೆ ಒಂದು ಕಳೆ.
ಸುತ್ತಲಿನ ಕಾಫಿಯೆಲ್ಲ, ಕರಿಮೆಣಸೆಲ್ಲ
ನನ್ನ ಬಾಯಲ್ಲಿ ಅಂಕಿಯಾಗಿಯೇ ದಾಟಿ ಹೋದದ್ದು.

ಒಂದು ಸಂಜೆ ಹಮಾಲರು ಹೋದ ಮೇಲೆ
ಚಪ್ಪಲಿ ಬಿಟ್ಟು ನಾನೇ ಹತ್ತಿದೆ.
ನೂರಾ ನಾಲ್ಕು ಆರುನೂರು.
ಕೂಗಲಿಲ್ಲ.
ಆದರೂ ಗಲ್ಲಾದಿಂದ ಮೊಯ್ದೀನಾಕ ಕೇಳಿದರು,
"ಯಾವ ತೋಟದ ಮಾಲು ಅಚ್ಚಯ್ಯ, ಒಳ್ಳೆ ತೂಗ್ತದಲ್ಲ!"

ಆಮೇಲೆ ನಲವತ್ತು ದಿನ
ಬೆಳಿಗ್ಗೆ ಸೌತೆಕಾಯಿ, ಮಧ್ಯಾಹ್ನ ಮೊಟ್ಟೆಯ ಬಿಳಿ,
ರಾತ್ರಿ ಬಿಸಿನೀರು ಮತ್ತು ಸಿಟ್ಟು.
ಬೊಳ್ಳಮ್ಮ ಒಲೆಯ ಮೇಲೆ ಏನಿಟ್ಟರೂ
ವಾಸನೆಗೇ ಜಗಳ ತೆಗೆದೆ.
ಹನ್ನೊಂದು ಕಿಲೋ ಇಳಿಯಿತು.
ಪ್ಯಾಂಟಿಗೆ ಗೋಣಿದಾರ ಕಟ್ಟಿಕೊಂಡು
ಗೆದ್ದವನ ಹಾಗೆ ಓಡಾಡಿದೆ.
ಅಷ್ಟರಲ್ಲಿ ಕೈಲ್ ಪೊಳ್ದ್ ಬಂತು.
ಕಾಚಂಪುಳಿ ಹಾಕಿ ಕಪ್ಪಾಗಿಸಿದ ಪಂದಿಕರಿ,
ಕಡುಂಬುಟ್ಟು, ಒಂದು, ನಾಲ್ಕು, ಒಂಬತ್ತು...
ಜೈಲಿನಿಂದ ಬಿಟ್ಟವನಂತೆ ತಿಂದೆ,
ಮಾರನೆಯ ದಿನವೂ, ಅದರ ಮಾರನೆಯ ದಿನವೂ.
ಪುತ್ತರಿಯ ಹೊತ್ತಿಗೆ ಇಳಿದದ್ದೆಲ್ಲ
ಬಡ್ಡಿ ಸಮೇತ ಬಂದು ಕೂತಿತ್ತು.
ನೂರಾ ಆರು.

ಜನವರಿಯಲ್ಲಿ ಒಂದು ಲೋಡು ಪಾರ್ಚ್‌ಮೆಂಟ್.
ಬೆಲೆ ಏರಿದೆಯೆಂದು ಎರಡೇ ದಿನದಲ್ಲಿ
ಉರಿಬಿಸಿಲಿಗೆ ಹಾಕಿ ಒಣಗಿಸಿದ್ದು.
ನೋಡಲು ಬಂಗಾರ, ಸಿಪ್ಪೆ ಮಾತ್ರ ಸೀಳು.
ಕಣದಲ್ಲಿ ಕಾಫಿ ಕೈಯಾಡಿಸುವ ಚುಬ್ಬಿ
ಒಂದು ಬೀಜ ಬಾಯಿಗೆ ಹಾಕಿ ಕಚ್ಚಿದಳು, ಉಗಿದಳು:
"ಹೊರಗೆ ಒಣಗಿದೆ ರೈಟ್ರೇ. ಒಳಗೆ ಹಸಿ."

ಅವಳು ಮಾಡುವುದನ್ನು ಆ ದಿನ ನೋಡಿದೆ,
ಇಪ್ಪತ್ತೆರಡು ವರ್ಷ ನೋಡದೆ ಇದ್ದದ್ದನ್ನು.
ತೆಳ್ಳಗೆ ಹರಡುತ್ತಾಳೆ.
ಗಂಟೆಗೊಮ್ಮೆ ಕಾಲಿನಿಂದ ಗೆರೆ ಎಳೆದು ತಿರುಗಿಸುತ್ತಾಳೆ.
ಸುಡುವ ನಡುಹಗಲು ಒಂದಿಷ್ಟು ಮುಚ್ಚುತ್ತಾಳೆ.
ಸಂಜೆ ರಾಶಿ ಮಾಡಿ, ಟಾರ್ಪಾಲು ಹೊದಿಸಿ,
ಮಗುವನ್ನು ಮಲಗಿಸಿದ ಹಾಗೆ ಅಂಚು ಒತ್ತುತ್ತಾಳೆ.
ನಾಳೆ ಮತ್ತೆ.
ಯಾವ ಬೀಜಕ್ಕೂ ಬೈದದ್ದು ಕೇಳಲಿಲ್ಲ.

ಮನೆಗೆ ಹೋಗಿ ಬೊಳ್ಳಮ್ಮನಿಗೆ ಹೇಳಿದೆ,
ಕಡುಂಬುಟ್ಟು ಮೂರು ಕೊಡು. ಬೇಡ ಅನ್ನಲಾರೆ.
ಅವಳು ನಾಲ್ಕು ಹಾಕಿ ಒಂದನ್ನು ತಾನೇ ತೆಗೆದುಕೊಂಡಳು.
ಮಂಡಿಯ ಎಂಟು ಲೋಟ ಸಕ್ಕರೆ ಕಾಫಿ
ಎರಡು ಲೋಟ ಬೆಲ್ಲದ ಕಾಫಿಯಾಯಿತು.
ಪಂದಿಕರಿ ಭಾನುವಾರಕ್ಕೆ,
ಕೂತು, ಬಟ್ಟಲು ತುಂಬ, ಕಳ್ಳತನವಿಲ್ಲದೆ.
ಗುಹ್ಯದಿಂದ ಮಂಡಿಗೆ ನಡಿಗೆ,
ಬೆಳಕು ಪೂರ್ತಿ ಹರಿದ ಮೇಲೆ.
ಆನೆ ದಾಟಿದೆ ಎಂದು ಫೋನ್ ಬಂದ ದಿನ ಆಟೋ,
ಆ ದಿನದ ಲೆಕ್ಕ ಆನೆಯದ್ದು.

ತಿಂಗಳಿಗೆ ಒಂದು ಕಿಲೋ. ಕೆಲವು ತಿಂಗಳು ಅರ್ಧ.
ಯಾರೂ ಗಮನಿಸಲಿಲ್ಲ. ಒಂದು ದಿನ ಮಾತ್ರ
ಕುರ್ಚಿ ಹುಡುಕದೆ, ನಿಂತಲ್ಲೇ ಬಗ್ಗಿ
ಶೂ ಲೇಸು ಕಟ್ಟಿದೆ,
ಕಟ್ಟಿ, ಬಿಚ್ಚಿ, ಇನ್ನೊಮ್ಮೆ ಕಟ್ಟಿದೆ.

ಜುಲೈ ಬಂತು. ದಾರಿ ಕೆಸರು, ನಡಿಗೆ ನಿಂತಿತು,
ಬಿದಿರ ಕಳಲೆ ಸಾರಿಗೆ ಅನ್ನ ಮೂರನೆಯ ಸಲ.
ಮೂರು ಕಿಲೋ ಏರಿತು.
ಹಳೆಯ ಅಚ್ಚಯ್ಯನಾದರೆ ಅಲ್ಲಿಗೆ ಕೈಚೆಲ್ಲುತ್ತಿದ್ದ.
ಆದರೆ ಗೋದಾಮಿನವನಿಗೆ ಗೊತ್ತು:
ಎಷ್ಟೇ ಒಣಗಿದ ಬೀಜವೂ ಈ ತಿಂಗಳಲ್ಲಿ
ಗಾಳಿಯ ತೇವ ಕುಡಿದು ತೂಗುತ್ತದೆ.
ಅದಕ್ಕೆ ಯಾರೂ ಕಾಫಿಯನ್ನು ಹೊಳೆಗೆ ಎಸೆಯುವುದಿಲ್ಲ.
ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರ
ಇಟ್ಟು, ಬಿಸಿಲಿಗೆ ಕಾಯುತ್ತಾರೆ.

ಎರಡನೆಯ ಮಳೆಗಾಲವೂ ಕಳೆಯಿತು.
ಇವತ್ತು ಸೋಮವಾರ, ಮೊದಲ ಜೀಪು ಬರುವ ಮುಂಚೆ ಹತ್ತಿದೆ.
ಈಗ ಮುಳ್ಳು ನೋಡುವುದು ಮೊಯ್ದೀನಾಕರ ಕೆಲಸ,
ಕನ್ನಡಕ ಹಣೆಗೇರಿಸಿ ಮಂಡಿಗೆಲ್ಲ ಕೇಳುವಂತೆ ಕೂಗಿದರು:
"ಎಂಬತ್ತೊಂಬತ್ತು ನಾನೂರು! ಚೀಲಕ್ಕೆ ಒಂದು ಕಳೆ!"

ಕೈಯಲ್ಲಿ ಬುತ್ತಿಯಿತ್ತು.
ಅದನ್ನೂ ಕಳೆಯಬೇಕಿತ್ತು, ಹೇಳಲಿಲ್ಲ.