ಕೈಗಡ

ಸದ್ದು ಆರಿಸಿ ನೋಡು, ಅಂದಳು ಜೆನಾಯ್ದಾ.
ಹಾಗಾಗಿ ಆ ರಾತ್ರಿ ನಲವತ್ತು ಹಾಡು ನೋಡಿದೆವು
ಒಂದನ್ನೂ ಕೇಳದೆ,
ಮಿಂದೆಲೊ ಬಂದರಿನ ಹಿಂದೆ, ಅವಳಣ್ಣನ ಟೈರಿನ ಅಂಗಡಿಯಲ್ಲಿ,
ಬಿರಿದ ಫೋನಿನ ಗಾಜಿಗೆ ಮೂರು ತಲೆ ಬಾಗಿಸಿ.

ಬಾಯಿ ತೆರೆಯುತ್ತವೆ, ಮುಚ್ಚುತ್ತವೆ, ಬುಟ್ಟಿಯ ಮೀನಿನ ಹಾಗೆ.
ಯಾರೋ ಕಾರಣವಿಲ್ಲದೆ ಓಡುತ್ತಾರೆ.
ಯಾರದೋ ಮಂಚ ನಡುಗಡಲಲ್ಲಿ ತೇಲುತ್ತದೆ.
ಕೆಂಪು ಬಟ್ಟೆಯೊಂದು ಮಹಡಿಯಿಂದ ಬೀಳುತ್ತದೆ, ಬೀಳುತ್ತಲೇ ಇರುತ್ತದೆ,
ನೆಲ ಮುಟ್ಟುವ ಹೊತ್ತಿಗೆ
ಹಾಡೇ ಮುಗಿದಿರುತ್ತದೆ.

ಟೂನಾ ತೂಗಿದ ಚೀಟಿಗಳ ಬೆನ್ನಿಗೆ ಚೌಕ ಗೀಚಿ
ಬರೆದುಕೊಂಡೆ: ಓಟ ಇವರದು. ಮಂಚ ಅವರದು.
ಕೆಂಪು, ಇನ್ಯಾರದೋ.
ಕಳವಲ್ಲ ಇದು, ಕೈಗಡ, ಅಂದ ಎವ್ರಾಲ್ದೊ
ತಂತಿ ಬಿಗಿಯುತ್ತ, ನನ್ನ ಮುಖ ನೋಡದೆ.
ಹುಲಿಯ ಕಂಡು ನರಿ ಬರೆ ಎಳಕೊಂಡಿತು ಅಂತಾರೆ.
ನಮ್ಮ ದ್ವೀಪದಲ್ಲಿ ಹುಲಿಯಿಲ್ಲ, ನರಿಯೂ ಇಲ್ಲ,
ಕಾದ ಸೌಟು ಮಾತ್ರ ಇದೆ.

ಮೂವತ್ತೇಳನೆಯದೋ ಏನೋ, ಚಳಿಯ ಊರಿನ ಹಾಡು.
ಟ್ರಾಮಿನ ಕಿಟಕಿಯಲ್ಲಿ ಒಬ್ಬ ಹುಡುಗ, ಚೌಕಟ್ಟಿನ ಅಂಚಿಗೆ,
ಮರೆತು ಕ್ಯಾಮೆರಾ ಕಡೆ ನೋಡಿಬಿಟ್ಟಿದ್ದಾನೆ.
ಅರ್ಧ ರೆಪ್ಪೆ. ಅಷ್ಟೆ.
ನಿಲ್ಲಿಸು, ಅಂದಳು. ಇದು ಬೇಕು ನನಗೆ.
ಇದನ್ನ ಹೇಗೆ ಬರೀತೀಯ?
ಒಂದು ಚೌಕ ಖಾಲಿ ಬಿಟ್ಟೆ.

ಭಾನುವಾರ ಅತ್ತೆಯ ಮಂಚ ಕಡಲಿಗಿಟ್ಟೆವು, ಮುಳುಗಿತು.
ಅತ್ತೆಯ ಬೈಗುಳ ಮಾತ್ರ ತೇಲಿ ದಡ ಮುಟ್ಟಿತು.
ಮರೆತು ನೋಡುವವರು ಇಲ್ಲಿ ಎಲ್ಲಿ ಸಿಕ್ಕಾರು?
ಬೇಕೆಂದೇ ನೋಡುತ್ತಾರೆ ಎಲ್ಲರೂ,
ಕೈ ಬೀಸುತ್ತಾರೆ, ಯಾರ ಮಗ ನೀನು ಅನ್ನುತ್ತಾರೆ,
ಮೀನು ಮಾರುವ ತೂದಾ ಲೆನ್ಸಿಗೇ ಬೆಲೆ ಹೇಳಿದಳು.

ಕೊನೆಗೆ ಕೆಂಪು ಬಟ್ಟೆ.
ಮಹಡಿಯಿಂದ ಬಿಟ್ಟ ಎವ್ರಾಲ್ದೊ. ಬೀಳಲಿಲ್ಲ.
ಈ ಊರಿನ ಗಾಳಿ ಏನನ್ನೂ ನೆಟ್ಟಗೆ ಬೀಳಗೊಡುವುದಿಲ್ಲ.
ಅಡ್ಡಡ್ಡ ಹಾರಿತು, ತಂತಿ ದಾಟಿ, ಇಗರ್ಜಿ ದಾಟಿ,
ಮರಳಿನ ಹೊಗೆಯಲ್ಲಿ ಚುಕ್ಕಿಯಾಗಿ.
ಕೆಳಗೆ ಹಾಡು ಓಡುತ್ತಿತ್ತು,
ಜೆನಾಯ್ದಾ ಬಾಯಿ ಆಡಿಸಬೇಕಿತ್ತು.
ಆಡಿಸಲಿಲ್ಲ. ಕತ್ತು ತಿರುಗಿಸಿ ನಿಂತಳು,
ಬಟ್ಟೆ ಹೋದ ದಿಕ್ಕಿಗೆ, ನಮ್ಮನ್ನು ಮರೆತು,
ಅದು ಅವಳಮ್ಮನದು ಎಂದು ಆಮೇಲೆ ಹೇಳಿದಳು.

ಹನ್ನೊಂದು ಸೆಕೆಂಡು. ನಾನು ನಿಲ್ಲಿಸಲಿಲ್ಲ.

ಸದ್ದು ಆರಿಸಿ ಈಗಲೂ ಅದನ್ನೇ ನೋಡುತ್ತೇನೆ.
ಆ ಚೌಕದಲ್ಲಿ ಏನೂ ಬರೆದಿಲ್ಲ.
ಚೀಟಿ ತಿರುಗಿಸಿದರೆ ಬೆನ್ನ ಆಚೆ ಬದಿಗೆ:
ಹದಿನೇಳು ಕಿಲೊ. ಬಾಕಿ.